ಗೋಡೆ ಕೇಳುವ ಟಿವಿ

ನಮ್ಮ ಮನೆಯ ಹೊಸ ಟಿವಿಯನ್ನು ನಾವು ನೋಡುತ್ತೇವೆ, ಗೋಡೆ ಕೇಳುತ್ತದೆ. ಸ್ಪೀಕರನ್ನು ಬೆನ್ನಿಗಂಟಿಸಿಕೊಂಡೇ ಹುಟ್ಟಿದ ಈ ತೆಳ್ಳನೆಯ ಸುಂದರಾಂಗ ತನ್ನ ಮಾತನ್ನೆಲ್ಲ ಜರ್ಮನಿಯ ಎರ್ಲಾಂಗೆನ್ನಿನ ನಮ್ಮ ಬಾಡಿಗೆಮನೆಯ ಗೋಡೆಗೇ ಅರ್ಪಿಸಿಬಿಡುತ್ತದೆ. ಅಲ್ಲಿಂದ ಮರಳಿ ಬರುವ ಗುಂಯ್ ಎಂಬ ನಾದವಷ್ಟೇ ನಮ್ಮ ಪಾಲಿನ ಪ್ರಸಾದ. ಬೈಯುವಂತೆಯೂ ಇಲ್ಲ. ಅದರ ಹೆಸರೇ ದೂರದರ್ಶನ. ದರ್ಶನ ಕೊಡುತ್ತೇನೆಂದಿತ್ತೇ ಹೊರತು ಶ್ರವಣದ ಭರವಸೆಯನ್ನು ಅದೆಂದೂ ಕೊಟ್ಟಿರಲಿಲ್ಲ.

ಕೊಳ್ಳುವಾಗ ನಾನು ಕೇಳದೆ ಇರಲಿಲ್ಲ. ತಿಂಗಳುಗಟ್ಟಲೆ ವಿಮರ್ಶೆಗಳ ಪಾರಾಯಣ ಮಾಡಿದ್ದ ನಮ್ಮ ಯಜಮಾನರು ಅಂಗಡಿಯ ಗದ್ದಲದ ನಡುವೆ ನಿಂತು, "ಆ ಕಪ್ಪು ನೋಡೇ, ಎಷ್ಟು ಕಪ್ಪಗಿದೆ!" ಎಂದು ಭಾವಪರವಶರಾಗಿದ್ದರು. ಕಪ್ಪು ಕಪ್ಪಗಿರುವುದಕ್ಕೂ ಇಷ್ಟು ಸಂಭ್ರಮವೇ ಎಂದುಕೊಳ್ಳುತ್ತ ನನ್ನ ಪಾಮರ ಪ್ರಶ್ನೆಯನ್ನೆತ್ತಿದೆ: "ಸೌಂಡು ಹೇಗ್ರೀ?"

"ಅದೆಲ್ಲಾ ಇನ್‌ಬಿಲ್ಟ್ ಕಣೇ."

ಇನ್‌ಬಿಲ್ಟ್ ಎಂದರೆ ಒಳಗೇ ಇರುತ್ತದೆ, ಹೊರಗೆ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ನನಗೇನೂ ಹೊಸದಲ್ಲ, ಅಡುಗೆಮನೆಯಲ್ಲಿ ನೆರವಾಗಬೇಕೆಂಬ ಇವರ ಆಸೆಯೂ ಮದುವೆಯಾದಂದಿನಿಂದ ಇನ್‌ಬಿಲ್ಟೇ.

ಬಳಕೆಯ ಸರಳತೆಯನ್ನಂತೂ ಹೊಗಳಲೇಬೇಕು. ರಿಮೋಟಿನಲ್ಲಿ ಗುಂಡಿಗಳೇ ಇಲ್ಲವೆನ್ನಬೇಕು. ಬೇಕಾದ್ದನ್ನು ಬಾಯಲ್ಲಿ ಹೇಳಿದರಾಯಿತು. ನಾನು ಭಕ್ತಿಯಿಂದ "ದೇವರನಾಮ" ಎಂದೆ. ಅದು ಡೆನ್ಮಾರ್ಕಿನ ಹವಾಮಾನ ತೋರಿಸಿತು. ದೇವರಿಲ್ಲದ ಜಾಗವುಂಟೇ ಎಂದು ಡೆನ್ಮಾರ್ಕಿಗೇ ಕೈಮುಗಿದೆ.

ಆದರೆ ಸತ್ಯನಾರಾಯಣ ಪೂಜೆಯ ಭಾನುವಾರ ಹೀಗೆ ನಕ್ಕು ಬಿಡುವಂತಿರಲಿಲ್ಲ. ಮಗಳು ಆಸ್ಪತ್ರೆಯಲ್ಲಿ ಜ್ವರದಿಂದ ಕಣ್ಣು ಬಿಡದೆ ಮಲಗಿದ್ದಾಗ ಹೊತ್ತ ಹರಕೆ ಅದು. ಹೊತ್ತವಳು ನಾನಾದರೂ ದಂಪತಿಗಳಿಬ್ಬರೂ ಮಣೆಯ ಮೇಲೆ ಕೂತರೇ ಅದು ಸಲ್ಲುವುದು. ಮಂತ್ರ ಹೇಳಲು ಮೈಸೂರಿನಿಂದ ಜೋಯಿಸರು ಫೋನಿನಲ್ಲಿ ಸಿಕ್ಕರು. ಇಷ್ಟು ದೊಡ್ಡ ಪರದೆಯಿರುವಾಗ ಫೋನೇಕೆಂದು ಯಜಮಾನರು ಅವರನ್ನು ಟಿವಿಗೆ ರವಾನಿಸಿದರು.

ಸಂಕಲ್ಪ ಮುಗಿಯುವ ಹೊತ್ತು. ಟಿವಿ ಗುಂಯ್‌ಗುಟ್ಟಿತು: "ಯಜಮಾನ್ರೇ, ನೀವು ಬಿಡಿ."

ಚಕ್ಕಳಮಕ್ಕಳ ಹಾಕಿ ಮಂಡಿ ಹಿಡಿದುಹೋಗಿದ್ದ ಇವರು "ಆಯ್ತು ಜೋಯಿಸ್ರೇ" ಎಂದು ಕೃತಜ್ಞತೆಯಿಂದ ಎದ್ದು ಸೋಫಾ ಸೇರಿದರು. ಪರದೆಯ ಮೇಲೆ ಜೋಯಿಸರು ಗಾಬರಿಯಾಗಿ ಉದ್ಧರಣೆಯನ್ನು ಬಗ್ಗಿಸಿ ಬಗ್ಗಿಸಿ ತೋರಿಸಿದಾಗ ನನಗೆ ಹೊಳೆಯಿತು.

"ರೀ, ನೀರು ಬಿಡಿ ಅಂದಿದ್ದು! ನಿಮ್ಮನ್ನಲ್ಲ ಬಿಟ್ಟಿದ್ದು. ಬನ್ನಿ, ಕೂತ್ಕೊಳ್ಳಿ."

"ನೀವು ಅಂತ್ಲೇ ಕೇಳಿಸ್ತಲ್ಲೇ!"

ಸೌಂಡು ಏರಿಸಿದೆವು, ಗುಂಯ್ ಏರಿತು, ಅಕ್ಷರ ಬಿಡಿಸಿಕೊಳ್ಳಲಿಲ್ಲ. ಕೆಳಮನೆಯವರು ಈ ದೇಶದ ಕಟ್ಟಳೆಯಂತೆ ಪಾಲಿಸುವ ಭಾನುವಾರದ ಮೌನವ್ರತವನ್ನು ನೆನೆದು ಮಗಳು ಕೋಣೆಯಿಂದಲೇ, "ಅಮ್ಮಾ, ಲೈಸರ್! ಮೆತ್ತಗೆ!" ಎಂದು ಜರ್ಮನ್ನಿನಲ್ಲೂ ಕನ್ನಡದಲ್ಲೂ ಕಿರುಚಿದಳು. ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಟಿವಿಗೆ ಕಳಿಸಿದ ಧ್ವನಿಯನ್ನು ವಾಪಸು ಕರೆಸುವ ವಿದ್ಯೆ ನಮ್ಮ ಇಂಜಿನಿಯರ್ ಯಜಮಾನರು ಓದಿದ ವಿಮರ್ಶೆಗಳಲ್ಲಿ ಬಂದಿರಲಿಲ್ಲ.

"ಹಿಡೀರಿ ಆ ಕಡೆ, ತಿರುಗಿಸೋಣ" ಎಂದೆ.

"ಲೇ, ಅಷ್ಟು ಒಳ್ಳೇ ಕಪ್ಪು..."

"ಗೋಡೆ ನೋಡ್ಕೊಳ್ಳುತ್ತೆ, ಹಿಡೀರಿ."

ಗೋಡೆಗೆ ಮೊಳೆ ಹೊಡೆಯಲು ಮನೆಯೊಡತಿ ಒಪ್ಪದೆ ಟಿವಿಯನ್ನು ಮೇಜಿನ ಮೇಲಿರಿಸಿದ್ದು ಆ ಸ್ವಾಮಿಯ ಕೃಪೆಯೇ ಸರಿ. ಅಂದು ಆಕೆಯನ್ನು ಶಪಿಸಿದ್ದಕ್ಕೆ ಮನಸ್ಸಿನಲ್ಲೇ ಗಲ್ಲ ಬಡಿದುಕೊಂಡೆ. ಟಿವಿ ನಮಗೆ ಬೆನ್ನು ತೋರಿಸಿದ್ದೇ ತಡ, ಜೋಯಿಸರು ಪಕ್ಕದಲ್ಲೇ ಕೂತಂತೆ ಕೇಳಿಸಿದರು: "ಯಜಮಾನ್ರೇ, ನೀರು ಬಿಡಿ." ಇವರು ಬಿಟ್ಟರು. ನನ್ನ ಕಣ್ಣೂ ತನ್ನ ಪಾಲಿನದನ್ನು ಬಿಟ್ಟಿತು. ಮುಖ ಕಾಣದ ಕಡೆಯಿಂದ ಬರುವ ಮಾತನ್ನು ನಂಬಿ ಕೈಮುಗಿಯುವುದು ನನಗೆ ಹಳೆಯ ಅಭ್ಯಾಸ. ಕಥೆ ಮುಗಿದು ಮಂಗಳಾರತಿಯಾಗುವವರೆಗೂ ಇವರು ಪಕ್ಕದಲ್ಲಿ ಕೂತೇ ಇದ್ದುದು ಹೊಸದು.

ಟಿವಿಯನ್ನು ಇನ್ನೂ ತಿರುಗಿಸಿಲ್ಲ. ಈಗ ಗೋಡೆ ನೋಡುತ್ತದೆ, ನಾವು ಕೇಳುತ್ತೇವೆ.