ನೇರಳೆ ಯಕ್ಷಿಣಿ

ತಾರಾಲಯದಲ್ಲಿ ಎಲ್ಲರೂ ಅವಳನ್ನು ಅಶರೀರವಾಣಿ ಎಂದೇ ಕರೆಯುತ್ತಿದ್ದರು. ಶರೀರವೇನೂ ಕಡಿಮೆಯಿರಲಿಲ್ಲ. ಆದರೆ ಗುಮ್ಮಟದ ಕತ್ತಲಲ್ಲಿ, ಜನರ ಬೆನ್ನ ಹಿಂದಿನ ಗಾಜಿನ ಗೂಡಿನಲ್ಲಿ ಕುಳಿತು ನಕ್ಷತ್ರಗಳ ಬಗ್ಗೆ ಮಾತಾಡುವವಳ ಮುಖ ಯಾರಿಗೆ ಕಾಣಬೇಕು? ಮಹಾ ಅಚ್ಚುಕಟ್ಟಿನ ಹೆಂಗಸು. ಮೈಕು ಚಾಲೂ ಇದ್ದಾಗ ಉರಿಯುವ ಪುಟ್ಟ ಕೆಂಪು ದೀಪದಿಂದ ಕತ್ತಲು ಕೆಡುತ್ತದೆಂದು ಅದರ ಮೇಲೂ ಕರವಸ್ತ್ರ ಹೊದಿಸಿ ಕೂರುತ್ತಿದ್ದಳು.

ಇಂಥವಳು ತಮ್ಮನ ಹೆಂಡತಿಯನ್ನು ಕೈಯಾರೆ ಕರೆತಂದು ಅಲ್ಲಿ ಕೆಲಸಕ್ಕೆ ಸೇರಿಸಿದಳು. ಮನೆಯಲ್ಲಿ ಒಬ್ಬಳೇ ಕೂತಿರುತ್ತಾಳೆ, ಪಾಪ, ಎಂದು. ಈ ‘ಪಾಪ’ ಅನ್ನುವುದು ಮನುಷ್ಯರಿಂದ ಏನೇನು ಮಾಡಿಸುತ್ತದೆಯೋ.

ಪಾಪದ ಹುಡುಗಿ ಮಕ್ಕಳ ಪ್ರದರ್ಶನದಲ್ಲಿ ಬಾಯಿ ಬಿಟ್ಟಳು ನೋಡಿ, ಗುಮ್ಮಟವೇ ಹಾರಿಹೋಗುವಷ್ಟು ನಗು. “ಮಕ್ಕಳೇ, ಕೆಂಪು ದೈತ್ಯ ಅಂತ ನಕ್ಷತ್ರ ಇದೆ, ಬಿಳಿ ಕುಬ್ಜ ಅಂತಾನೂ ಇದೆ. ಇದು ನಿಜ. ಹಾಗಾದ್ರೆ ಮಿಕ್ಕವರು ಏನು ತಪ್ಪು ಮಾಡಿದ್ರು? ಹಸಿರು ಗಂಡಭೇರುಂಡ ಬೇಡ್ವಾ? ಎರಡು ತಲೆ, ನಾನು ಹೆಚ್ಚು ಹೊಳೀತೀನಿ, ನಾನು ಹೆಚ್ಚು ಹೊಳೀತೀನಿ ಅಂತ ಬೆಳಗಾಗೋವರೆಗೂ ಜಗಳ. ಗುಲಾಬಿ ಕಿನ್ನರಿ ಇದಾಳೆ, ಪೌಡರ್ ಹಚ್ಕೊಂಡು ಆಚೆ ಬರೋ ಹೊತ್ತಿಗೆ ಸೂರ್ಯ ಹುಟ್ಟಿರ್ತಾನೆ. ಕಂದು ಬೇತಾಳ ತಲೆಕೆಳಗಾಗಿ ನೇತಾಡುತ್ತೆ, ಪಾಪ, ಬೆಳಕೆಲ್ಲ ಮೂಗಿಂದ ಸೋರಿಹೋಗುತ್ತೆ.”

ಗೂಡಿನಲ್ಲಿ ಕುಳಿತಿದ್ದ ಅಶರೀರವಾಣಿಯ ಮೈಯೆಲ್ಲ ಉರಿದುಹೋಯಿತು. ತಾನು ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಒಂದು ಮಗು ಕಿಸಕ್ ಎಂದಿರಲಿಲ್ಲ. ಈಗ ಬಾಗಿಲಲ್ಲಿ ಮಕ್ಕಳು “ಕಥೆ ಹೇಳೋ ಅಕ್ಕ ಎಲ್ಲಿ?” ಎಂದು ಇವಳನ್ನೇ ಕೇಳುತ್ತಿದ್ದರು. ಎಲ್ಲಿ ಎಂದರೆ ಎಲ್ಲಿ, ಕಿಟಕಿಯ ಬಳಿ ನಿಂತು ಉಗುರಿಗೆ ನೇರಳೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು ಮಹಾರಾಯ್ತಿ.

ಅಷ್ಟರಲ್ಲಿ ಮೇಲ್ವಿಚಾರಕರು ಇಬ್ಬರನ್ನೂ ಕರೆದರು. “ಮಕ್ಕಳ ಪ್ರದರ್ಶನ ಇನ್ಮೇಲೆ ಒಬ್ಬರ ಕೈಯಲ್ಲೇ ಇರಲಿ. ಶುಕ್ರವಾರ ನಾನೂ ಮಕ್ಕಳ ಜೊತೆ ಕೂತು ನೋಡಿ ಹೇಳ್ತೀನಿ.”

ಶುಕ್ರವಾರ ಅಶರೀರವಾಣಿ ಸ್ವಾಗತ ಹೇಳಿದಳು. ತಮ್ಮನ ಹೆಂಡತಿ ಟಾರ್ಚು ಹಿಡಿದು ಮಕ್ಕಳ ನಡುವೆ ಇಳಿದಳು, ಕಥೆ ಹೇಳಿದಳು, ನಗು ಶುರುವಾಯಿತು. ನಗು ಅಡಗಿದಾಗ, ಗೂಡಿನಲ್ಲಿ ಇವಳ ಪಕ್ಕ ಕುಳಿತು ನಕ್ಷತ್ರ ತೋರಿಸುವ ಯಂತ್ರ ತಿರುಗಿಸುವವನು ಮೆಲ್ಲಗೆ, “ನಿಮ್ಮ ತಮ್ಮನ ಹೆಂಡ್ತಿ ಚೆನ್ನಾಗಿ ಹೇಳ್ತಾರಲ್ವಾ ಅಕ್ಕ?” ಎಂದ.

ಬೇಕಿತ್ತೇ ಅವನಿಗೆ?

“ಒಂದು ನಕ್ಷತ್ರ ಬಿಟ್ಟಳು ಅವಳು,” ಎಂದಳು ಇವಳು ಹಲ್ಲು ಕಡಿಯುತ್ತ. “ನೇರಳೆ ಯಕ್ಷಿಣಿ. ಉಗುರಿಗೆ ನೇರಳೆ ಬಣ್ಣ ಬಳ್ಕೊಂಡು ಬರುತ್ತೆ. ಪಾಪ ಅಂತ ಪಕ್ಕದಲ್ಲಿ ಜಾಗ ಕೊಟ್ಟೆವೋ, ಕಥೆ ಮುಗೀತು. ನಮ್ಮ ಬೆಳಕನ್ನೆಲ್ಲ ಕುಡಿದು, ತೇಗಿ, ‘ಅಯ್ಯೋ, ಯಾಕೆ ಇಷ್ಟು ಮಂಕಾಗಿದ್ದೀರಾ’ ಅಂತ ನಮ್ಮನ್ನೇ ಕೇಳುತ್ತೆ.”

ಗುಮ್ಮಟದ ತುಂಬ ಅವಳದೇ ದನಿ ಮೊಳಗಿತು. ಕರವಸ್ತ್ರದ ಅಡಿಯಲ್ಲಿ ಕೆಂಪು ದೀಪ ಉರಿಯುತ್ತಲೇ ಇತ್ತು. ಸ್ವಾಗತ ಹೇಳಿದ ಮೇಲೆ ಮೈಕು ಆರಿಸಿಯೇ ಇರಲಿಲ್ಲ.

ಅವಳು ಕರವಸ್ತ್ರ ಕಿತ್ತು ಮೈಕು ಆರಿಸಿದಳು. ಆದರೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇನ್ನೊಂದ್ಸಲ, ಇನ್ನೊಂದ್ಸಲ” ಎಂದು ಕಾಲು ಬಡಿದರು. ಕೆಳಗೆ ಟಾರ್ಚಿನ ಬೆಳಕು ಒಂದು ಗಳಿಗೆ ಗೋಡೆಯ ಮೇಲೆ ನಿಂತುಬಿಟ್ಟಿತು. ಆಮೇಲೆ ಆರಿತು.

“ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ ಅಕ್ಕ ಇದನ್ನ?” ಎಂದರು ಮೇಲ್ವಿಚಾರಕರು, ಕಣ್ಣೊರೆಸಿಕೊಳ್ಳುತ್ತ. “ಮಕ್ಕಳ ಪ್ರದರ್ಶನ ನಿಮ್ಮದೇ. ಆದ್ರೆ ಆ ಯಕ್ಷಿಣಿ ಪ್ರತಿ ಸಲ ಬರಲೇಬೇಕು.” ತಮ್ಮನ ಹೆಂಡತಿಗೆ ಯಂತ್ರ ತಿರುಗಿಸುವ ಕೆಲಸ ಸಿಕ್ಕಿತು. ಅವಳೂ ಚಪ್ಪಾಳೆ ತಟ್ಟಿದಳು. 

ಗೆದ್ದದ್ದಾಯಿತು. ಸೋಮವಾರ ಗೂಡಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಅಶರೀರವಾಣಿ ಈಗ ಮೈಕಿನ ದೀಪಕ್ಕೆ ಕರವಸ್ತ್ರ ಹೊದಿಸುತ್ತಿರಲಿಲ್ಲ, ಬುದ್ಧಿ ಬಂದಿತ್ತು. ಅದೇ ಕೆಂಪು ಬೆಳಕಲ್ಲಿ, ಯಂತ್ರದ ಗುಂಡಿಯ ಮೇಲಿದ್ದ ತಮ್ಮನ ಹೆಂಡತಿಯ ಕೈ ಕಂಡಿತು. ಉಗುರಿನ ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದಳು. ಕಿರುಬೆರಳಿನ ಅಂಚಿನಲ್ಲಿ ಮಾತ್ರ ಒಂದಿಷ್ಟು ಉಳಿದಿತ್ತು.

ಅಶರೀರವಾಣಿ ಮೈಕನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಕತ್ತಲಲ್ಲಿ ಮಕ್ಕಳು “ಯಕ್ಷಿಣಿ, ಯಕ್ಷಿಣಿ” ಎಂದು ಕೂಗುತ್ತಿದ್ದರು.

“ಹೇಳಿ ಅತ್ತಿಗೆ,” ಎಂದಳು ಪಕ್ಕದಲ್ಲಿದ್ದವಳು, ಕೈಯನ್ನು ಮಡಿಲಿಗೆ ಎಳೆದುಕೊಂಡು. “ಮಕ್ಕಳು ಕಾಯ್ತಿದ್ದಾರೆ.”

ಅವಳು ಹೇಳಿದಳು.