ಕುಜದೋಷದವನ ಮನೆಯ ಹವಳ

ಹಿರಿಯೂರಿನಲ್ಲಿ ನನ್ನನ್ನು ವೈಂಡಿಂಗ್ ನಾಗರಾಜಪ್ಪ ಎನ್ನುತ್ತಾರೆ. ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು, ಕರಿಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕಸುಬು. ವೋಲ್ಟೇಜ್ ಇಳಿದಷ್ಟೂ ಬೋರ್‌ವೆಲ್ ಮೋಟಾರುಗಳು ಸುಡುತ್ತವೆ, ಅವು ಸುಟ್ಟಷ್ಟೂ ನನ್ನ ಅಂಗಡಿ ನಡೆಯುತ್ತದೆ. ಊರೆಲ್ಲ ಕರೆಂಟಿನವರನ್ನು ಬೈಯುವಾಗ ನಾನೂ ಮುಖ ಸಪ್ಪಗೆ ಮಾಡಿಕೊಂಡು ತಲೆಯಾಡಿಸುತ್ತಿದ್ದೆ. ಇಂಥ ಬುದ್ಧಿವಂತನಿಗೆ ತೊಂಬತ್ತೊಂಬತ್ತನೇ ಇಸವಿ ಬಂದು, ಮೂವತ್ತಾರು ತುಂಬಿದರೂ ಮದುವೆಯಾಗಿರಲಿಲ್ಲ.

ಕಾರಣ ಕುಜದೋಷ. ತಾಮ್ರದ ಉಂಗುರದಲ್ಲಿ ಹವಳ ಕಟ್ಟಿಸಿ ಹಾಕಿಕೊಳ್ಳಲಿ ಎಂದು ಹೊಳಲ್ಕೆರೆ ಕಡೆಯ ಜ್ಯೋತಿಷಿಯೊಬ್ಬರು ಅವ್ವನಿಗೆ ಹೇಳಿದ್ದರು. ಉಂಗುರ ಹಾಕಿಕೊಂಡು ಕರೆಂಟಿನ ಕೆಲಸಕ್ಕೆ ಕೈ ಹಾಕಿದರೆ ಕುಜ ಹೋಗುವ ಮೊದಲೇ ಯಮ ಬರುತ್ತಾನೆ ಎಂದು ನಾನು ಹಟ ಹಿಡಿದೆ. ಹೆಣ್ಣಿನ ಕಡೆಯವರು ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದಾಗಲೆಲ್ಲ ಅವ್ವ ನನ್ನ ಬರಿಬೆರಳು ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ನನ್ನ ಮುಖ ಮತ್ತು ನನ್ನ ಸಿಟ್ಟು ಕಾರಣವಿರಬಹುದು ಎಂಬ ಅನುಮಾನ ನನಗಿತ್ತು. ಆದರೆ ತಪ್ಪನ್ನು ಕುಜನ ತಲೆಗೆ ಕಟ್ಟುವುದೇ ಮರ್ಯಾದೆ ಎನಿಸಿ ಸುಮ್ಮನಿದ್ದೆ.

ಕೊನೆಗೂ ನಾನು ಹವಳ ತಂದೆ, ಆದರೆ ಜೀವಂತ ಹವಳ. ತಂತಿ ಕೊಳ್ಳಲು ಬೆಂಗಳೂರಿಗೆ ಹೋದಾಗ ಮೀನಿನ ಅಂಗಡಿಯೊಂದರ ಗಾಜಿನ ತೊಟ್ಟಿಯಲ್ಲಿ ಅದನ್ನು ಕಂಡೆ. ನೋಡಲು ಅಂಗೈಯಗಲದ ಅಣಬೆ, ತಲೆಯ ತುಂಬ ಪುಟ್ಟ ಪುಟ್ಟ ಹೂವಿನಂಥ ಬಾಯಿಗಳು, ಎಲ್ಲವೂ ನೀರಿನಲ್ಲಿ ಓಲಾಡುತ್ತಿದ್ದವು. ನೋಡುತ್ತ ನಿಂತವನಿಗೆ ಊಟದ ನೆನಪೇ ಆಗಲಿಲ್ಲ. ಯಾವ ಹೆಣ್ಣನ್ನು ನೋಡಲು ಹೋದಾಗಲೂ ಹಾಗಾಗಿರಲಿಲ್ಲ.

ಅಂಗಡಿಯವನು ಬುದ್ಧಿ ಹೇಳಿದ. "ನೀರು ಬಿಸಿ ಆಗಬಾರದು ಸಾರ್. ದೀಪ ಚೆನ್ನಾಗಿರಬೇಕು. ತಾಮ್ರ ಮಾತ್ರ ಸೋಕಲೇಬಾರದು, ಇವಕ್ಕೆ ಅದು ವಿಷ. ಅಂದ ಹಾಗೆ ತಮ್ಮ ಕೆಲಸ?"

"ಬಿಸಿನೆಸ್" ಎಂದೆ.

ದೊಡ್ಡದೊಂದು, ಸಣ್ಣವೆರಡು ಹವಳ, ಜೊತೆಗೆ ಎರಡು ಮೀನು, ಎಲ್ಲವನ್ನೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಅವ್ವ ಗಾಜಿಗೆ ಮೂಗು ತಾಗಿಸಿ ನೋಡಿದಳು.

"ಇದೇನೋ, ಅಣಬೆ ಇದ್ದಂಗೈತೆ. ಹವಳ ಅಂದ್ಯಲ್ಲ?"

"ಇದೇ ಹವಳ ಅವ್ವ. ಜೀವ ಐತೆ ಇದಕ್ಕೆ."

"ಜೀವ ಐತೆ ಅಂದ್ರೆ ಏನ್ ತಿಂತೈತೆ? ನಮ್ಮನ್ಯಾಗೆ ಮಾಂಸ ಗೀಂಸ ತರಂಗಿಲ್ಲ ನೋಡು."

"ಬೆಳಕು ತಿಂದ್ಕಂಡು ಬದುಕ್ತೈತೆ."

ಬೆಳಕು ತಿಂದು ಬದುಕುವ ಜೀವದ ಮೇಲೆ ಅವ್ವನಿಗೆ ಭಕ್ತಿ ಹುಟ್ಟಿತು. ಪಕ್ಕದ ಮನೆಯ ಶಾಂತಕ್ಕನನ್ನು ಕರೆದು ತೋರಿಸಿದಳು. ಶಾಂತಕ್ಕ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಮುಗಿದಳು. ನಾನು ಇಬ್ಬರನ್ನೂ ನೋಡಿ ನಕ್ಕೆ. ಆಮೇಲೆ ನಾನು ಮಾಡಿದ್ದೆಲ್ಲ ಪೂಜೆಯೇ.

ಬೆಳಿಗ್ಗೆ ಎದ್ದರೆ ಮೊದಲು ಹವಳದ ಮುಖ ನೋಡುತ್ತಿದ್ದೆ. ನೀರು ಬಿಸಿಯಾಗದಂತೆ ಮನೆಯ ಒಂದೇ ಟೇಬಲ್ ಫ್ಯಾನನ್ನು ತೊಟ್ಟಿಗೆ ತಿರುಗಿಸಿಟ್ಟು ಅವ್ವನೂ ನಾನೂ ಬೀಸಣಿಗೆ ಹಿಡಿದೆವು. ಆವಿಯಾದಷ್ಟು ನೀರು ತುಂಬಲು ಮಾಳಿಗೆಯ ಮಳೆನೀರನ್ನೇ ಸೋಸಿಟ್ಟೆ, ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಮನುಷ್ಯರ ಹಲ್ಲನ್ನೇ ಬಿಟ್ಟಿಲ್ಲ. ಕರೆಂಟು ಹೋದಾಗ ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತ ಕೂತೆ. ಲೋಡ್ ಶೆಡ್ಡಿಂಗ್ ಮಾಡುವವರನ್ನು ಜೀವನದಲ್ಲಿ ಮೊದಲ ಸಲ ಮನಸಾರೆ ಬೈದೆ. ಅಂಗಡಿಯಿಂದ ಬಂದವನು ಅಂಗಳದಲ್ಲೇ ಬಟ್ಟೆ ಬದಲಿಸಿ, ಮೊಣಕೈವರೆಗೆ ತಿಕ್ಕಿ ತೊಳೆದು, ಕೈಗೆ ಪಾಲಿಥಿನ್ ಚೀಲ ಕಟ್ಟಿಕೊಂಡು ತೊಟ್ಟಿಯ ಹತ್ತಿರ ಹೋಗುತ್ತಿದ್ದೆ. ಯಾಕೆಂದು ಅವ್ವನಿಗೆ ಹೇಳಿರಲಿಲ್ಲ. ತಾಮ್ರದಿಂದಲೇ ಅನ್ನ ತಿನ್ನುವವನು ತಾಮ್ರ ವಿಷವೆಂದು ಯಾವ ಬಾಯಲ್ಲಿ ಹೇಳಲಿ?

ಸಮುದ್ರದ ನೀರು ತರುತ್ತಿದ್ದವನು ನಮ್ಮ ಬೀದಿಯ ಓಬಳೇಶಪ್ಪ. ಭೀಮಸಮುದ್ರದ ವ್ಯಾಪಾರಿಗಳ ಅಡಿಕೆ ಲಾರಿಯನ್ನು ಮಂಗಳೂರಿಗೆ ಓಡಿಸುತ್ತಿದ್ದ. ಬರುವಾಗ ನೀಲಿ ಡ್ರಮ್ಮುಗಳಲ್ಲಿ ನೀರು ತುಂಬಿಕೊಂಡು ಬರುತ್ತಿದ್ದ. ಒಮ್ಮೆ ದಾರಿಯಲ್ಲಿ ತಡೆದ ಪೇದೆಯೊಬ್ಬ ಕಳ್ಳಬಟ್ಟಿ ಎಂದುಕೊಂಡು ಬೊಗಸೆ ತುಂಬ ಕುಡಿದುಬಿಟ್ಟನಂತೆ.

"ನಿನ್ನ ಹವಳದ ದೆಸೆಯಿಂದ ನಾನು ಒದೆ ತಿನ್ಬೇಕಾಗಿತ್ತು ಕಣಲೇ" ಎಂದು ಓಬಳೇಶಪ್ಪ ಬೈಯುತ್ತಲೇ ಡ್ರಮ್ಮು ಇಳಿಸುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಹವಳ ಮುದುಡತೊಡಗಿತು. ಹೂವುಗಳೆಲ್ಲ ಒಳಸೇರಿ, ಆರಿದ ಮುದ್ದೆಯ ಹಾಗೆ ಕೂತಿತು. ಸಣ್ಣವೆರಡು ಒಂದರ ಹಿಂದೊಂದು ಕರಗಿ ಲೋಳೆಯಾದವು. ನನಗೆ ಹುಚ್ಚು ಹಿಡಿದಂತಾಯಿತು. ಬಿಸಿಲನ್ನು ಬೈದೆ, ಟ್ಯೂಬ್‌ಲೈಟ್ ಬದಲಿಸಿದೆ, ಶಾಂತಕ್ಕನ ಒಲೆಯ ಹೊಗೆ ಬರುತ್ತದೆಂದು ಕಿಟಕಿಗೆ ರಟ್ಟು ಬಡಿದೆ. ಓಬಳೇಶಪ್ಪನನ್ನು, "ನಿನ್ನ ಡ್ರಮ್ಮಿನಾಗೆ ಮೊದ್ಲು ಏನಿತ್ತು ಖರೆ ಹೇಳು" ಎಂದು ಗದರಿಸಿದೆ. ಅವನು ಮುಂದಿನ ಟ್ರಿಪ್ಪಿಗೆ ನೀರು ತರಲಿಲ್ಲ. ದೊಡ್ಡ ಹವಳವೂ ಸತ್ತರೆ ನಾನು ಯಾರ ಮುಖ ನೋಡಿಕೊಂಡು ಏಳಲಿ ಎಂಬ ಭಯ ನಿಜವಾಗಿಯೂ ಕಾಡಿತು.

ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಅಂಗಡಿಗೆ ಫೋನು ಮಾಡಿದೆ.

"ಮೀನು ಹೇಗಿವೆ ಸಾರ್?"

"ಚೆನ್ನಾಗಿ ಓಡಾಡ್ತಾ ಅವೆ."

"ಮೀನು ಚೆನ್ನಾಗಿದ್ದು ಹವಳ ಮಾತ್ರ ಸಾಯ್ತಿದೆ ಅಂದ್ರೆ ತಾಮ್ರವೇ ಇರಬೇಕು. ಆವತ್ತು ಬಿಸಿನೆಸ್ ಅಂದ್ರಲ್ಲ, ಎಂಥಾ ಬಿಸಿನೆಸ್ ಸಾರ್?"

ನಾನು ಫೋನು ಇಟ್ಟುಬಿಟ್ಟೆ.

ಮನೆಗೆ ಬಂದು ನನ್ನ ಕೈಗಳನ್ನು ನೋಡಿಕೊಂಡೆ. ಉಗುರಿನ ಸಂದಿಯೆಲ್ಲ ತಾಮ್ರದ ಪುಡಿ ಇರಬೇಕು, ನಾನೇ ಕೊಂದೆ ಎನಿಸಿ ಅಳು ಬಂತು. ಇರುವ ಒಂದನ್ನಾದರೂ ಬಕೆಟ್ಟಿನಲ್ಲಿಡೋಣವೆಂದು ಹವಳ ಅಂಟಿದ್ದ ಕಲ್ಲನ್ನು ಎತ್ತಿದೆ. ಬುಡದ ಮರಳಿನಲ್ಲಿ ಬ್ರಿಟಿಷರ ಕಾಲದ ತೂತಿನ ಕಾಸೊಂದು ಹಸಿರುಗಟ್ಟಿ ಕೂತಿತ್ತು.

"ಅವ್ವಾ!" ನನ್ನ ಕೂಗಿಗೆ ಪಕ್ಕದ ಮನೆಯ ಶಾಂತಕ್ಕನೂ ಹೊರಗೆ ಬಂದಳು.

ಅವ್ವ ಹೆದರಲಿಲ್ಲ. "ಅದನ್ನ ತೆಗೀಬ್ಯಾಡಪ್ಪ. ನೀನಂತೂ ಉಂಗುರ ಹಾಕ್ಕಳಲಿಲ್ಲ. ಹವಳ ತಾನಾಗೇ ಮನಿಗೆ ಬಂದೈತೆ, ತಾಮ್ರ ಒಂದು ಕಮ್ಮಿ ಇತ್ತು. ಮಂಗಳವಾರ ನಿನ್ನ ಹೆಸರು ಹೇಳಿ ಬುಡಕ್ಕೆ ಇಟ್ಟೆ. ಈ ವರ್ಷ ಆಗ್ತೈತೆ ನೋಡು ಮದಿವಿ."

ಕಾಸು ತೆಗೆದರೆ ಮಗನ ಮದುವೆ ತಪ್ಪುತ್ತದೆಂದು ಅವಳು ನಂಬಿದ್ದಳು. ತೆಗೆಯದಿದ್ದರೆ ಹವಳ ಸಾಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಸಲುವಾಗಿ ಅವಳು ಆ ಉಪ್ಪುನೀರಿಗೆ ತೋಳು ಇಳಿಸಿದ್ದು ನೆನೆದು ಸಂಕಟವಾಯಿತು.

"ಅವ್ವ, ತಾಮ್ರ ಸೋಕಿದ್ರೆ ಈ ಜೀವ ಉಳಿಯಂಗಿಲ್ಲ" ಎಂದೆ. ಅವಳ ಮುಖ ಬಿಳುಚಿಕೊಂಡಿತು. "ದೋಷ ಇರೋದು ನಂಗೆ, ಇದಕ್ಕಲ್ಲ. ಈ ಕಾಸು ನಾನೇ ಕಟ್ಕಂತೀನಿ."

ಅವಳೆದುರೇ ಕಾಸನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೂತಿಗೆ ಉಡಿದಾರ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡೆ. ಕುಜ, ಜ್ಯೋತಿಷ್ಯ ಎಂದರೆ ನಗುತ್ತಿದ್ದ ವೈಂಡಿಂಗ್ ನಾಗರಾಜಪ್ಪನ ಸೊಂಟದಲ್ಲಿ ಕಾಸು ಜೋತಾಡತೊಡಗಿತು. ಆಮೇಲೆ ಓಬಳೇಶಪ್ಪನ ಮನೆಗೆ ಹೋಗಿ ಕೈಮುಗಿದೆ. ಅವನು ಮನಸಾರೆ ಬೈದು ಮತ್ತೆ ನೀರು ತಂದ. ಹಳೆಯ ನೀರು ಚೆಲ್ಲಿ, ಮರಳು ಬದಲಿಸಿ, ತೊಟ್ಟಿ ತೊಳೆದು, ಹವಳವನ್ನು ಮತ್ತೆ ಕೂರಿಸಿ ಕಾದೆವು. ಅವ್ವ ನನಗಿಂತ ಹೆಚ್ಚು ಕಾದಳು. ದಿನವೂ ಗಾಜಿನ ಮುಂದೆ ಕೂತು, "ತೆರಿಯೇ ನಮ್ಮವ್ವ, ತಪ್ಪಾತು" ಎನ್ನುತ್ತಿದ್ದಳು.

ಮಳೆಗಾಲದ ಒಂದು ಬೆಳಿಗ್ಗೆ ಅದು ತೆರೆಯಿತು. ಮೊದಲು ಅಂಚಿನ ನಾಲ್ಕು ಹೂವು, ಸಂಜೆಯ ಹೊತ್ತಿಗೆ ತಲೆತುಂಬ. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಅವಳ ಮಗನಿಗೆ ಹೆಣ್ಣು ಗೊತ್ತಾಯಿತೆಂದು ತಿಳಿದು ಕೆಲವರು ನನ್ನ ಕೈ ಕುಲುಕಿದರು. ನಾನು ಬೇಡವೆನ್ನಲಿಲ್ಲ.

ಹೆಣ್ಣು ಮಾತ್ರ ಗೊತ್ತಾಗಲಿಲ್ಲ. ಕಾಸು ಸೊಂಟದಲ್ಲಿ ಹಸಿರು ಕಲೆ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮರುವರ್ಷ ಇನ್ನೊಂದು ಕಡೆಯಿಂದ ಜಾತಕ ವಾಪಸು ಬಂದ ದಿನ, ಅವ್ವನಿಗೆ ಏನು ಹೇಳುವುದೆಂದು ತಿಳಿಯದೆ ಅಂಗಳದಲ್ಲಿ ಕೈ ತೊಳೆಯುತ್ತಲೇ ನಿಂತಿದ್ದೆ. ಒಳಗಿನಿಂದ ಅವಳು ಕೂಗಿದಳು. ಹವಳದ ಬುಡದಲ್ಲಿ, ಹಿಂದೆ ಕಾಸು ಇದ್ದ ಜಾಗದ ಪಕ್ಕದಲ್ಲೇ, ಅಂಗಿಯ ಗುಂಡಿಯಷ್ಟು ದೊಡ್ಡ ಮರಿ ಹವಳವೊಂದು ಮೊಳೆತು ತನ್ನ ಮೂರು ಹೂವು ತೆರೆದಿತ್ತು.

"ಜಾತಕ ಕೂಡ್ಲಿಲ್ಲಂತೆ ಅವ್ವ" ಎಂದೆ.

ಅವ್ವ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಹೋಗ್ಲಿ ಬಿಡು. ಮನ್ಯಾಗೆ ಕೂಸು ಆಗೈತಲ್ಲ, ಸೊಸಿ ನಿಧಾನಕ್ಕೆ ಬರ್ಲಿ" ಎಂದಳು.