ನಮ್ಮದಲ್ಲದ ಕೂಸು

ನನ್ನ ಎಳೆಯ ಮಗ ತಿಪ್ಪೆಯ ಮೇಲೆ ಮಲಗಿದ್ದನ್ನು ನಾನು ಕಣ್ಣಾರೆ ಕಂಡೆನೋ, ಮನೆಯವರು ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಮಾಡಿಕೊಂಡೆನೋ, ಈಗ ಹೇಳಲಾರೆ. ಮೊರದಲ್ಲಿ ಹಳೆಯ ಸೀರೆಯ ತುಂಡು, ಅದರ ಮೇಲೆ ಮುಷ್ಟಿ ಬಿಗಿದ ಕೆಂಪನೆಯ ಕೂಸು, ಸುತ್ತ ಬೂದಿ, ಸಗಣಿ, ಜೋಳದ ದಂಟಿನ ಚೂರು. ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೂಸನ್ನು ತಿಪ್ಪೆಗೆ ಹಾಕುವಾಗ ಹೆತ್ತವರು ನೋಡಬಾರದಂತೆ. ಅವಳ ಮಾತೇ ಸರಿಯಿರಬೇಕು. ನೋಡದೆ ಇದ್ದದ್ದೇ ಇಷ್ಟು ಚೆನ್ನಾಗಿ ಕಾಣುವುದಾದರೆ, ನೋಡಿದ್ದರ ಬಗ್ಗೆ ನಾನು ಬರೆಯುವುದನ್ನು ಎಷ್ಟು ನಂಬಬೇಕು?

ಅದು ನರಗುಂದದ ಗಲಭೆಗೆ ಮುಂಚಿನ ಚಳಿಗಾಲ. ನಾನು ಪುಣೆಯ ಕಾಲೇಜಿನಲ್ಲಿ ಓದಿ ಬಂದು, ರೋಣದಲ್ಲಿ ಕೆಲವು ಕಾಲ ಇದ್ದು, ಗಜೇಂದ್ರಗಡದ ಶಾಲೆಗೆ ಮಾಸ್ತರನಾಗಿ ಬಂದಿದ್ದೆ. ಹೆಂಡತಿಯ ತವರು ನರಗುಂದ. ಕುಂಪಣಿ ಸರಕಾರದವರು ಆಯುಧ ಕಸಿದುಕೊಳ್ಳುತ್ತಾರೆ, ದಾರಿಯಲ್ಲಿ ಗಾಡಿ ತಡೆಯುತ್ತಾರೆ ಎಂಬ ಸುದ್ದಿಗಳಿಂದಾಗಿ ಬಾಣಂತನಕ್ಕೆ ಅವಳನ್ನು ಅಲ್ಲಿಗೆ ಕಳಿಸುವ ಧೈರ್ಯ ಆಗಲಿಲ್ಲ. ನನ್ನ ಅವ್ವನೇ ಬಂದು ಬಾಣಂತನ ಮಾಡಿದಳು.

ನಮ್ಮ ಮೊದಲ ಗಂಡು ಕೂಸು ತೊಟ್ಟಿಲಿಗೆ ಹಾಕುವ ಮೊದಲೇ ಜ್ವರ ಬಂದು ತೀರಿಹೋಗಿತ್ತು. ಆಮೇಲೆ ಹುಟ್ಟಿದ ಮಗಳು ಉಳಿದಳು. ಅವಳಿಗೆ ಮೂರು ತುಂಬುತ್ತಿದ್ದಾಗ ಮತ್ತೆ ಗಂಡು ಹುಟ್ಟಿತು. ಗಂಡಾಯಿತು ಎಂದು ಯಾರೂ ಸಕ್ಕರೆ ಹಂಚಲಿಲ್ಲ. ಅವ್ವ ಕೂಸನ್ನು ಮೊರದಲ್ಲಿಟ್ಟು ಮನೆಯ ಮುಂದಿನ ತಿಪ್ಪೆಗೆ ಒಯ್ದಳು. ಮೊದಲೇ ಹೇಳಿಟ್ಟಿದ್ದ ಪಕ್ಕದ ಮನೆಯ ನೇಕಾರರ ಮುದುಕಿ ಬಂದು, ಯಾರೋ ಬಿಸಾಡಿದ ಕೂಸು ಸಿಕ್ಕಿತು ಎಂದು ಎತ್ತಿಕೊಂಡು ಹೋಗಿ, ಒಂದು ಮೊರ ತೌಡಿಗೆ ಬದಲಾಗಿ ನಮ್ಮ ಮನೆಗೆ ಸಾಕಲು ಕೊಟ್ಟಳು. ಹೀಗೆ ಮಾಡಿದರೆ ಮಕ್ಕಳನ್ನು ಒಯ್ಯಲು ಬರುವ ಯಾವುದೋ ಒಂದು ಕಣ್ಣಿಗೆ ಇದು ಈ ಮನೆಯ ಕೂಸೆಂದು ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ಒಂದೇ ಕಟ್ಟಳೆ. ಅದನ್ನು ಯಾರೂ ನಮ್ಮದು ಎನ್ನಕೂಡದು.

ಪುಣೆಯಲ್ಲಿ ನಾನು ತರ್ಕಶಾಸ್ತ್ರ ಓದಿದವನು. ಇಂಥ ನಂಬಿಕೆಗಳನ್ನು ಗೆಳೆಯರ ಜೊತೆ ಸೇರಿ ನಕ್ಕಿದ್ದೂ ಉಂಟು. ಆದರೆ ಅವ್ವ ಆ ಮಾತು ಎತ್ತಿದಾಗ ನಾನು ವಾದ ಮಾಡಲಿಲ್ಲ. ಸುಮ್ಮನೆ ಒಪ್ಪಿಕೊಂಡೆನೋ, ಬೇಗ ಮುಗಿಸಿರಿ ಎಂದು ನಾನೇ ಅವಸರ ಮಾಡಿದೆನೋ, ಅದೂ ನೆನಪಿಲ್ಲ.

ಮನೆಯ ದಿನಚರಿ ಪೂರಾ ಬದಲಾಯಿತು. ಬಾಣಂತಿಯ ಕೋಣೆಯಲ್ಲಿ ಸದಾ ಕೆಂಡ, ಅಜವಾನದ ಹೊಗೆ. ಮಗಳಿಗೆ ಆ ಕೋಣೆಗೆ ಪ್ರವೇಶವಿಲ್ಲ. ಅಲ್ಲಿಯತನಕ ತಾಯಿಯ ಸೆರಗು ಹಿಡಿದೇ ಮಲಗುತ್ತಿದ್ದವಳು ಈಗ ನನ್ನ ಪಕ್ಕದಲ್ಲಿ ಮಲಗಿ ನನ್ನ ಧೋತರದ ಅಂಚನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಡೆಯಲು ಬಂದವಳು ಮತ್ತೆ ಅಂಬೆಗಾಲಿಡತೊಡಗಿದಳು, ಬಟ್ಟಲಲ್ಲಿ ಕುಡಿಯುತ್ತಿದ್ದವಳು ಕೂಸಿಗೆ ಕುಡಿಸುವ ಒಳಲೆಯಿಂದ ಹಾಲು ಹಾಕು ಎಂದು ಹಟ ಹಿಡಿದಳು. ನನಗೆ ಅವಳ ಬಗ್ಗೆಯೂ ಭಯ, ಕೂಸಿನ ಬಗ್ಗೆಯೂ ಭಯ. ಕೂಸು ಅತ್ತರೆ ಏನಾಯಿತು ಎಂಬ ಭಯ. ಅಳದಿದ್ದರೆ ಇನ್ನೂ ಹೆಚ್ಚು. ಶಾಲೆಯಲ್ಲಿ ಹುಡುಗರಿಗೆ ಲೆಕ್ಕ ಹಾಕಿಕೊಟ್ಟು, ಏನೋ ಮರೆತವನ ಹಾಗೆ ಮನೆಗೆ ಬಂದು, ಕೋಣೆಯ ಬಾಗಿಲಿಗೆ ಕಿವಿಯಿಟ್ಟು ಹೋಗುತ್ತಿದ್ದೆ.

ನೇಕಾರರ ಮುದುಕಿ ಮಾತ್ರ ಇದನ್ನೆಲ್ಲ ಹಗುರವಾಗಿಯೇ ನಡೆಸುತ್ತಿದ್ದಳು. ದಿನಾ ಬಂದು ಹೊಸ್ತಿಲ ಆಚೆಯೇ ನಿಂತು ಕೇಳುವಳು.

“ಮಾಸ್ತರ್ರ, ನನ್ನ ಕೂಸು ಹ್ಯಾಂಗೈತ್ರಿ? ಹೊಟ್ಟಿಗಿ ಸರಿ ಹಾಕ್ತೀರೋ, ಉಪಾಸ ಕೆಡವ್ತೀರೋ?”

ಅವ್ವ ಒಳಗಿನಿಂದಲೇ ಅನ್ನುವಳು, “ಏನ ಕೂಸೋ ನಮ್ಮವ್ವಾ, ಕರ್ರಗ ಕಾಗಿ ಇದ್ದಂಗೈತಿ. ಬೇಕಾದ್ರ ಈಗ ಒಯ್ಯಿ.”

“ಇರ್ಲಿ ಬಿಡ್ರಿ, ಸ್ವಲ್ಪ ದೊಡ್ಡಾಂವ ಮಾಡಿ ಕೊಡ್ರಿ. ಮಗ್ಗದಾಗ ಕುಂದ್ರಾಕ ಒಬ್ಬಾಂವ ಬೇಕಾಗ್ಯಾನ.”

ಮಗಳು ಇಬ್ಬರ ಮುಖವನ್ನೂ ನೋಡುತ್ತ ನಿಂತಿರುತ್ತಿದ್ದಳು. ಮುದುಕಿಯನ್ನು ಅವಳು ಮಗ್ಗದ ಆಯಿ ಎನ್ನುತ್ತಿದ್ದಳು. ಒಂದು ಸಲ ಕೂಸಿನ ಬಗ್ಗೆ ಕೇಳಿದಳು, “ಮಗ್ಗದ ಆಯೀದ?”

“ಹೂಂ, ಆಯೀದ,” ಎಂದಳು ಅವ್ವ. “ತಿಪ್ಪ್ಯಾಗ ಸಿಕ್ಕದ್ದು. ನಮ್ಮದಲ್ಲ.”

ಮಗಳು ನನ್ನ ಕಡೆ ತಿರುಗಿದಳು. ನಾನೂ ತಲೆಯಾಡಿಸಿದೆ. ನಮ್ಮದಲ್ಲ.

ಸಂತೆಯ ದಿನ. ಸಂತೆಗೆ ಹೋಗುವ ನೆವದಿಂದ ಶಾಲೆಗೆ ಹುಡುಗರೇ ಬಂದಿರಲಿಲ್ಲ, ಮಧ್ಯಾಹ್ನಕ್ಕೇ ಮನೆಗೆ ಬಂದೆ. ನಮ್ಮ ಓಣಿಯಲ್ಲಿ ಒಂದು ಮಗ್ಗವೂ ಸಪ್ಪಳ ಮಾಡುತ್ತಿರಲಿಲ್ಲ. ಅವ್ವ ಬಚ್ಚಲಲ್ಲಿ ಹೆಂಡತಿಗೆ ನೀರು ಹಾಕುತ್ತಿದ್ದಳು. ಮಗಳು ಹೊಸ್ತಿಲ ಮೇಲೆ ಕುಳಿತು ಬೆಲ್ಲ ತಿನ್ನುತ್ತಿದ್ದಳು. ನನ್ನ ಕಾಲಿನ ಸಪ್ಪಳ ಕೇಳಿ ಹೆಂಡತಿ ಬಚ್ಚಲಿನಿಂದ ಕೂಗಿದಳು, “ಕೂಸು ಮಲಗಿಸಿ ಬಂದೀನಿ, ಒಂಚೂರು ನೋಡ್ರಿ.”

ಕೋಣೆಯಲ್ಲಿ ಕೆಂಡ ಇತ್ತು, ಹೊರಸಿತ್ತು. ಮೊರ ಇರಲಿಲ್ಲ. ಅದರಲ್ಲೇ ಮಲಗಿಸುತ್ತಿದ್ದ ಕೂಸೂ ಇರಲಿಲ್ಲ.

ಮಗಳ ಮುಂದೆ ಕುಳಿತೆ. ದನಿ ಏರಿಸಬಾರದು, ಏರಿಸಿದರೆ ಅವಳು ಬಾಯಿ ಬಿಡುವುದಿಲ್ಲ ಎಂಬುದು ಆ ಭಯದಲ್ಲೂ ಹೇಗೋ ಹೊಳೆಯಿತು.

“ಕೂಸು ಎಲ್ಲವ್ವಾ?”

“ಕೊಟ್ಟ ಬಂದ್ನಿ.”

“ಯಾರಿಗಿ?”

“ಅವರದು ಅವರಿಗಿ.”

ನೇಕಾರರ ಮನೆಗೆ ಓಡಿದೆ. ಮುಂಬಾಗಿಲಿಗೆ ಚಿಲಕ ಹಾಕಿ ಬೀಗ ಜಡಿದಿತ್ತು, ಮನೆಯವರೆಲ್ಲ ಸೀರೆ ಹೊತ್ತುಕೊಂಡು ಸಂತೆಗೆ ಹೋಗಿದ್ದರು. ಹಾಗಾದರೆ ಅವಳು ಯಾರಿಗೆ ಕೊಟ್ಟಳು? ಎಲ್ಲಿ ಸಿಕ್ಕಿತ್ತೋ ಅಲ್ಲಿ ಇಟ್ಟಿರಬೇಕು ಅನ್ನಿಸಿತು. ತಿಪ್ಪೆಯ ಮೇಲೆ ಎರಡು ನಾಯಿಗಳು ಮಲಗಿದ್ದವು. ನನ್ನನ್ನು ಕಂಡು ಒಂದು ಎದ್ದು ಬಾಯಿ ನೆಕ್ಕಿಕೊಂಡಿತು. ಆ ನಾಯಿಯ ಬಾಯಿಯನ್ನು ನಾನು ಇಂದಿಗೂ ಮರೆತಿಲ್ಲ. ದಂಟು, ಬೂದಿ ಎಲ್ಲವನ್ನೂ ಕೈಯಿಂದ ಕೆದರಿದೆ. ಏನೂ ಇರಲಿಲ್ಲ. ಏನೂ ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ಅಷ್ಟರಲ್ಲಿ ಅವ್ವ ಹೊರಗೆ ಬಂದಿದ್ದಳು. ಹೆಂಡತಿ ನೀರು ಸುರಿಯುವ ಕೂದಲಿನಲ್ಲೇ ಬಾಗಿಲಿಗೆ ಬಂದು, ಹೊಸ್ತಿಲು ದಾಟದೆ ಚೌಕಟ್ಟು ಹಿಡಿದು ನಿಂತಿದ್ದಳು. ಸಂತೆಯಿಂದ ಮರಳುತ್ತಿದ್ದ ಇಬ್ಬರು ಮೂವರು ಹೆಂಗಸರು ಬುಟ್ಟಿ ಇಳಿಸಿ ನಿಂತರು.

ಅವ್ವ ಮಗಳ ಗಲ್ಲ ಹಿಡಿದು ಕೇಳಿದಳು, “ಎಲ್ಲಿಟ್ಟಿ ಹೇಳ ನನ್ನವ್ವಾ? ಇನ್ನಷ್ಟು ಬೆಲ್ಲ ಕೊಡ್ತೀನಿ.”

“ನಮ್ಮದಲ್ಲಲ್ಲ,” ಎಂದಳು ಮಗಳು. “ನಿನಗ್ಯಾಕ ಬೇಕು?”

“ಆತು, ನಮ್ಮದಲ್ಲ. ಆದರೂ ಎಲ್ಲೈತಿ ಹೇಳು.”

“ಹೇಳಿದ್ರ ಮತ್ತ ತರ್ತಿ ನೀ.”

ಅವ್ವ ಅವಳ ಗಲ್ಲ ಬಿಟ್ಟಳು. ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹೆಂಡತಿ ಬಾಯಿ ತೆರೆದು ಮತ್ತೆ ಮುಚ್ಚಿದಳು. ಆ ಒಂದು ಮಾತಿಗೆ ಮೊದಲ ಕೂಸು ಹೋಯಿತೆಂದು ಅವಳು ನಿಜಕ್ಕೂ ನಂಬಿದ್ದಳು. ಅವನು ಹುಟ್ಟಿದ ದಿನ ನನ್ನ ಬಂಗಾರ, ನನ್ನ ಬಂಗಾರ ಎಂದು ಇಡೀ ಓಣಿಗೆ ಕೇಳುವಂತೆ ಮುದ್ದು ಮಾಡಿದ್ದಳು.

ನಾನು ಹೇಳಿದೆ. “ಅಂವ ನಮ್ಮಾಂವ. ನನ್ನ ಮಗ. ನಿನ್ನ ತಮ್ಮ.”

ಅವ್ವ ಪಕ್ಕಕ್ಕೆ ತಿರುಗಿ ಥೂ ಥೂ ಎಂದು ಉಗುಳಿದಳು. ಹೆಂಗಸರಲ್ಲಿ ಒಬ್ಬಳು, “ಮಾಸ್ತರ್ರ, ಬಿಡ್ತು ಅನ್ರಿ,” ಎಂದಳು.

ಮಗಳು ನನ್ನನ್ನು ಅನುಮಾನದಿಂದ ನೋಡಿದಳು. “ಖರೇ?”

“ಖರೇನ.”

“ಆಯೀದಲ್ಲ?”

“ಅಲ್ಲ. ನಮ್ಮದು.”

ಅವಳು ಕೈಯ ಬೆಲ್ಲವನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. ಹಿತ್ತಿಲಿಗೆ ಹೋಗಿ, ಜಾಲಿಯ ಬೇಲಿಯಲ್ಲಿ ನಾಯಿಗಳು ಮಾಡಿದ್ದ ಕಿಂಡಿಯಲ್ಲಿ ನುಸುಳಿದಳು. ನಾನು ಬೇಲಿ ಕಿತ್ತೇ ದಾಟಿದೆ. ನೇಕಾರರ ಹಿಂಬಾಗಿಲಿಗೆ ಬರೀ ಒಂದು ಕಲ್ಲು ಒರಗಿಸಿದ್ದರು, ಬಾಗಿಲು ಸ್ವಲ್ಪ ಸರಿದಿತ್ತು. ಒಳಗೆ ಕತ್ತಲೆ, ಗಂಜಿಯ ವಾಸನೆ. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿಯನ್ನು ಅವಳು ಬೆರಳಿನಿಂದ ತೋರಿಸಿದಳು. ಮುದುಕಿ ದಿನಾ ಕೂರುವ ಜಾಗಕ್ಕೇ ಅವಳು ಮೊರವನ್ನು ಎಳೆದು ತಂದಿದ್ದಳು. ಅದು ಅಂಚಿನಿಂದ ಜಾರಿ ಕೆಳಗೆ ಇಳಿದಿತ್ತು.

ನಾನು ನೆಲಕ್ಕೆ ಬೋರಲು ಮಲಗಿ ಕೈ ಇಳಿಸಿದೆ. ಮೊದಲು ಮೊರದ ಅಂಚು ಸಿಕ್ಕಿತು, ಆಮೇಲೆ ಬಟ್ಟೆ, ಆಮೇಲೆ ಒಂದು ಕಾಲು. ಅದು ಬಿಸಿಯಾಗಿತ್ತು. ಬಿಸಿಯಾಗಿದೆ, ಬಿಸಿಯಾಗಿದೆ ಎಂದು ನಾನು ಜೋರಾಗಿ ಹೇಳುತ್ತಿದ್ದೆನಂತೆ. ಕೂಸು ಎಚ್ಚರವಾಗಿಯೇ ಇತ್ತು, ಮಗ್ಗದ ಹಗ್ಗಗಳನ್ನು ನೋಡುತ್ತ ಮುಷ್ಟಿ ಚೀಪುತ್ತಿತ್ತು.

ಆ ಸಂಜೆ ಅವನಿಗೆ ಜ್ವರ ಬಂತು.

ಇಲ್ಲಿ ನನ್ನ ನೆನಪಿಗೂ ಹೆಂಡತಿಯ ನೆನಪಿಗೂ ಹೊಂದುವುದಿಲ್ಲ. ನಾನು ಬೀದಿಯಲ್ಲಿ ನಮ್ಮವ ಎಂದೆ, ಜ್ವರ ಬಂತು. ನನ್ನ ಮನಸ್ಸು ಇದನ್ನು ಇದೇ ಕ್ರಮದಲ್ಲಿ ಇಟ್ಟುಕೊಂಡಿದೆ, ಕಲಿತ ತರ್ಕವೆಲ್ಲ ಸೇರಿದರೂ ಅದನ್ನು ಅಲುಗಿಸಲಾರದು. “ನೀರಿಗಿ ಹೋಗೂಕಿಂತ ಮೊದಲ ಮೈ ಬೆಚ್ಚಗಿತ್ರಿ,” ಎನ್ನುತ್ತಾಳೆ ಅವಳು. ಹಾಗಿದ್ದರೆ ಕುಣಿಯಲ್ಲಿ ನನ್ನ ಕೈಗೆ ಹತ್ತಿದ ಬಿಸಿ ಯಾವುದು? ಅವಳು ಕಂಡದ್ದನ್ನು ಹೇಳುತ್ತಾಳೋ, ನನಗೋಸ್ಕರ ಹೇಳುತ್ತಾಳೋ, ನಾನು ಕೇಳಿಲ್ಲ.

ಮರುದಿನ ಅವ್ವ ಇನ್ನೊಂದು ಮೊರ ತೌಡು ತೆಗೆದಿಟ್ಟಳು. ಇನ್ನೊಮ್ಮೆ ತಿಪ್ಪೆಗೆ ಹಾಕಿ ಇನ್ನೊಬ್ಬರಿಂದ ಕೊಂಡರಾಯಿತು ಎಂದಳು. ಹೆಂಡತಿ ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಆ ದಿನ ಕೂಸನ್ನು ಮಡಿಲಿನಿಂದ ಬಿಡಲಿಲ್ಲ.

“ಬ್ಯಾಡ್ರಿ ಅತ್ತೀ. ನಮ್ಮದಲ್ಲ ಅಂದ್ರ ಇಕಿ ಮತ್ತ ಒಯ್ದು ಕೊಡ್ತಾಳ.”

“ನಮ್ಮದು ಅಂದ್ರ?”

ಹೆಂಡತಿ ಕೈ ಚಾಚಿ ಮಗಳನ್ನು ಕೋಣೆಯ ಒಳಗೆ ಕರೆದು ತನ್ನ ಇನ್ನೊಂದು ಮಗ್ಗುಲಲ್ಲಿ ಕೂರಿಸಿಕೊಂಡಳು.

ಅವನು ಉಳಿದ. ಜ್ವರ ಕೆಲವು ದಿನ ಕಾಡಿ ಇಳಿಯಿತು. ಆದರೆ ಇಳಿಯುವುದೆಂದು ಆಗ ನಮಗೆ ಗೊತ್ತಿರಲಿಲ್ಲ. ಆ ಅಷ್ಟೂ ದಿನ ಮಗಳು ಬೆಳಿಗ್ಗೆ ಎದ್ದ ಕೂಡಲೇ ನನ್ನ ಭುಜ ಅಲುಗಿಸಿ ಕೇಳುತ್ತಿದ್ದಳು.

“ಅಪ್ಪಾ, ತಮ್ಮ ಇವತ್ತೂ ನಮ್ಮಾಂವ ಏನು?”

ನಾನು ಕೋಣೆಯ ಕಡೆ ಒಮ್ಮೆ, ಮೇಲಿನ ತೊಲೆಯ ಕಡೆ ಒಮ್ಮೆ ನೋಡಿ, ತುಟಿ ಅಲುಗಿತೋ ಇಲ್ಲವೋ ಎನ್ನುವಂತೆ ಹೌದು ಎನ್ನುತ್ತಿದ್ದೆ.

“ಕೇಳಿಸ್ವಲ್ದು,” ಎನ್ನುವಳು ಅವಳು. “ಜೋರ ಹೇಳು.”

ಒಳಗೆ ಕೂಸು ನರಳುವುದು ಕೇಳುತ್ತಿತ್ತು. ನಾನು ಜೋರಾಗಿ ಹೇಳುತ್ತಿದ್ದೆ.